ಅಳತೆಗೊಂದು ಕೈ

ಬೂದು ಬಣ್ಣದಲ್ಲಿ ಒಂಬತ್ತು ಬಗೆಯಿದೆ ಎಂಬುದು ಅಜ್ಜನಿಗೆ ತಿಳಿದದ್ದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ. ಮೊಮ್ಮಗಳು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ ಮಾರ್ಕರ್ ಪೆನ್ನುಗಳನ್ನು ಒಂದೊಂದಾಗಿ ಎತ್ತಿ, ಮುಚ್ಚಳದ ಮೇಲಿನ ಅಂಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ಇದ್ದಲ್ಲೇ ಇಟ್ಟ. ಅವನ ಬಲಗೈಯಲ್ಲಿ ಮೂರೇ ಬೆರಳು. ಉಂಗುರದ ಬೆರಳೂ ಕಿರುಬೆರಳೂ ಇರಬೇಕಾದಲ್ಲಿ ನುಣ್ಣನೆಯ ಗಂಟು.

"ಬೂದಿಗೆ ಒಂಬತ್ತು ಬಣ್ಣ ಏನೇ ಮಸಿ? ಮೊದಲೇ ಹೇಳಿದ್ರೆ ಕುಲುಮೆಯಿಂದ ಒಂದು ಮೊರ ತುಂಬಿಸಿ ಕೊಡ್ತಿದ್ದೆ. ಪುಕ್ಕಟೆ."

ಅಂಬೆಗಾಲಿಡುವ ವಯಸ್ಸಿನಲ್ಲಿ ಕುಲುಮೆಯ ಪಕ್ಕದ ಇದ್ದಿಲ ಗುಡ್ಡೆಯಲ್ಲಿ ಹೊರಳಾಡಿ ಬಂದ ದಿನ ಅವಳಿಗೆ ಬಿದ್ದ ಹೆಸರು ಮಸಿ. ತೊಳೆದರೂ ಹೋಗದೆ ಉಳಿದುಕೊಂಡಿತ್ತು. ಈಗ ಅವಳು ಪೇಟೆಯ ಕಾಲೇಜಿನಲ್ಲಿ ವಸ್ತುಗಳ ವಿನ್ಯಾಸ ಕಲಿಯುತ್ತಿದ್ದಳು. ಎರಡನೆಯ ವರ್ಷ. ವಾರವಿಡೀ ಹಾಸ್ಟೆಲ್ಲು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆ. ಮಾರ್ಕರ್ ಡಬ್ಬಿ ಕೊಡಿಸಿದವನು ಚಿಕ್ಕಪ್ಪ. ಕೊಡಿಸಿದ್ದನ್ನು ಮರೆಯುವ ಜಾತಿಯವನಲ್ಲ ಅವನು. ಮನೆಗೆ ಯಾರು ಬಂದರೂ ಡಬ್ಬಿ ತೆರೆದು ತೋರಿಸುತ್ತಿದ್ದ. ಆ ಪೆನ್ನಿನ ಸ್ಪಿರಿಟ್ಟಿನ ವಾಸನೆ ಅನ್ನಕ್ಕೆಲ್ಲ ಹತ್ತುತ್ತದೆ ಎಂದು ಅಮ್ಮ ಗೊಣಗುತ್ತಲೇ ಕಿಟಕಿ ತೆರೆದಿಡುತ್ತಿದ್ದಳು.

ಮನೆಗೆ ಅಂಟಿಕೊಂಡೇ ವರ್ಕ್‌ಶಾಪು. ಅಲ್ಲಿ ಮೇವು ಕತ್ತರಿಸುವ ಯಂತ್ರ ತಯಾರಾಗುತ್ತಿತ್ತು. ಒಂದು ಚಕ್ರ, ಅದಕ್ಕೆ ಎರಡು ಅಲಗು, ಹುಲ್ಲು ತಳ್ಳಲು ಉದ್ದನೆಯ ತಗಡಿನ ದೋಣಿ, ಕೆಳಗೊಂದು ಮೋಟಾರು. ಮೊದಲ ಯಂತ್ರವನ್ನು ಅಜ್ಜ ಮಾಡಿದ್ದು ಮೂವತ್ತರ ಹರೆಯದಲ್ಲಿ, ಮತ್ತು ಅದು ಮೊದಲು ಕತ್ತರಿಸಿದ್ದು ಹುಲ್ಲನ್ನಲ್ಲ. ಕೈ ವಾಸಿಯಾದ ಮೇಲೆ ಅವನು ಎರಡು ನೇಮ ಮಾಡಿಕೊಂಡ. ದೋಣಿ ಒಂದು ಮೊಳದ ಮೇಲೊಂದು ಗೇಣು ಇರಬೇಕು, ನಿಂತವರು ತೋಳು ಪೂರ್ತಿ ಚಾಚಿದರೂ ಅಲಗು ಸಿಗಬಾರದು. ದೋಣಿ ಅಲಗಿಗೆ ಸೇರುವ ಬಾಯಿಗೆ ಕಬ್ಬಿಣದ ಮುಚ್ಚಳ ಇರಬೇಕು, ಅದರಡಿ ಹುಲ್ಲು ನುಸುಳಬೇಕು, ಮುಷ್ಟಿ ನುಸುಳಬಾರದು. ಆ ಮುಚ್ಚಳ ಬೋರಲು ಹಾಕಿದ ಬಾಣಲೆಯಂತೆ ಕುರೂಪವಾಗಿತ್ತು. ಜನ ಅದನ್ನು 'ಮುದುಕನ ಟೋಪಿ' ಎಂದರು, ಇದು ಬೇಡ ತೆಗೆದುಕೊಡಿ ಎಂದರು. ಅಜ್ಜ ತೆಗೆಯಲಿಲ್ಲ. ಯಂತ್ರ ಸಿದ್ಧವಾದಾಗ ಎರಡು ಅಳತೆಯನ್ನೂ ತಾನೇ ನೋಡಿ, ಅದರ ಕಾಲಿನ ಮೇಲೆ ಉಳಿಯಿಂದ ಮೂರು ಚುಕ್ಕೆ ಹೊಡೆಯುತ್ತಿದ್ದ. ಉಳಿದ ಬೆರಳಿಗೊಂದೊಂದು. ಸುತ್ತಿನ ಹಳ್ಳಿಗಳಲ್ಲಿ ಅದಕ್ಕೆ ಮೂರು ಚುಕ್ಕೆಯ ಯಂತ್ರವೆಂದೇ ಹೆಸರು.

ಮನೆಯಲ್ಲಿರುವ ಒಂದು ವಸ್ತುವನ್ನು ಹೊಸದಾಗಿ ಕಲ್ಪಿಸಿ ಬರೆದು ತನ್ನಿ ಎಂದು ಕಾಲೇಜಿನ ಮೇಡಂ ಹೇಳಿದಾಗ ಮಸಿ ಬರೆದದ್ದು ಇದನ್ನೇ. ಮೊದಲ ಹಾಳೆ ಮೇಡಂಗೆ ಹಿಡಿಸಲಿಲ್ಲ. ಯಂತ್ರದ ತಲೆಯ ಮೇಲಿನ ಆ ಪಾತ್ರೆ ಯಾಕೆ, ಇಡೀ ಅಂದ ಅಲ್ಲೇ ಉಸಿರುಕಟ್ಟಿದೆ, ತೆಗೆ ಎಂದರು. ದೋಣಿಯ ಮೇಲೆ ಬರೆದಿದ್ದ ಕೈ ಇರುವೆಯ ಕಾಲಿನಂತಿದೆ, ಕಣ್ಣು ಮೊದಲು ಕೈಯ ಮೇಲೆ ಹೋಗಬೇಕು, ದೊಡ್ಡದಾಗಿ ಬರಿ ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಅಮ್ಮನನ್ನು ಕೈಗೆ ಹುಲ್ಲು ಕೊಟ್ಟು ಮೇಜಿನ ಮುಂದೆ ಕೂರಿಸಿದಳು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು.

ಮಾರ್ಕರ್ ಕೆಲಸವೂ ಕುಲುಮೆಯ ಕೆಲಸದ ಹಾಗೆ, ಕಾದಿರುವಾಗಲೇ ಬಡಿಯಬೇಕು. ಒಂದು ಗೆರೆ ಒದ್ದೆಯಿರುವಾಗಲೇ ಪಕ್ಕದ ಗೆರೆ ಎಳೆಯಬೇಕು, ತಡವಾದರೆ ನಡುವೆ ಕಲೆ ನಿಲ್ಲುತ್ತದೆ. ಕೈ ಒಂದೆಡೆ ತಂಗಿದರೆ ಬಣ್ಣ ಮಡುಗಟ್ಟುತ್ತದೆ. ತಿಳಿಯಿಂದ ಕಪ್ಪಿಗೆ ಹೋಗಬಹುದು, ಕಪ್ಪಿನಿಂದ ತಿಳಿಗೆ ಬರುವ ದಾರಿಯಿಲ್ಲ. ಹೊಳಪು ಬೇಕಾದಲ್ಲಿ ಬಣ್ಣ ಬಳಿಯಲೇಬಾರದು, ಬಿಳಿ ಕಾಗದವನ್ನು ಹಾಗೆಯೇ ಬಿಡಬೇಕು. ಅವಳು ಟೋಪಿಯನ್ನು ಬರೆಯದೆ ಬಿಟ್ಟಳು. ಅಲಗಿನ ಅಂಚಿಗೆ ಕೂದಲೆಳೆಯಷ್ಟು ಕಾಗದ ಬಿಟ್ಟಳು. ಅಲಗು ನಿಜವಾಗಿಯೂ ಹೊಳೆಯಿತು. ಆಮೇಲೆ ಮೈಬಣ್ಣದ ಪೆನ್ನಿನಿಂದ ಅಮ್ಮನ ಕೈಯನ್ನು, ಇರುವುದಕ್ಕಿಂತ ಅರ್ಧದಷ್ಟು ಹೆಚ್ಚು ಮಾಡಿ, ದೋಣಿಯ ನಡುವಿಗಿಂತ ಮುಂದಕ್ಕೆ ಚಾಚಿ ಬರೆದಳು. ಕೊನೆಗೆ ಬಿಳಿ ಶಾಯಿಯ ಪೆನ್ನಿನಿಂದ ಉಂಗುರದ ಮೇಲೊಂದು ಚುಕ್ಕೆ.

ನೀರು ಕುಡಿಯಲು ಬಂದ ಅಪ್ಪ ಚೊಂಬು ಹಿಡಿದುಕೊಂಡೇ ಬಹಳ ಹೊತ್ತು ನೋಡಿದ. ಅವನು ಯಂತ್ರ ಮಾಡುತ್ತಿದ್ದುದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು. ಕಾಗದದ ಮೇಲೆ ಯಂತ್ರ ಹೀಗೆ ಎದ್ದು ನಿಲ್ಲುವುದನ್ನು ಕಂಡಿರಲಿಲ್ಲ.

"ಅದಕ್ಕೆ ಕೈ ಯಾಕೆ?" ಎಂದು ಕೇಳಿದ.

"ಅಳತೆಗೆ ಅಪ್ಪ. ಕೈ ಎಷ್ಟಿರುತ್ತೆ ಅಂತ ಎಲ್ಲರಿಗೂ ಗೊತ್ತಲ್ಲ. ಕೈ ನೋಡಿದ್ರೆ ಯಂತ್ರ ಎಷ್ಟು ದೊಡ್ಡದು ಅಂತ ತಿಳಿಯುತ್ತೆ."

"ಅಂದ್ರೆ ಅಳತೆಪಟ್ಟಿ ಇದ್ದ ಹಾಗೆ."

"ಹಾಗೇ ಅಂದ್ಕೋ."

ಹಾಳೆ ಎತ್ತಿದಾಗ ಅಮ್ಮ ತಲೆಗೆ ಕೈಹೊತ್ತಳು. ಹಾಳೆಯಡಿ ಹಾಸಿದ್ದ ಪತ್ರಿಕೆಯನ್ನೂ ದಾಟಿ ಮೈಬಣ್ಣ ಮೇಜಿನ ಮರಕ್ಕೆ ಇಳಿದಿತ್ತು. ಐದು ಬೆರಳಿನ ಕಂದು ಕಲೆ. ನಿಂಬೆಹಣ್ಣು, ಬೂದಿ, ಸೀಮೆಎಣ್ಣೆ ಯಾವುದಕ್ಕೂ ಹೋಗಲಿಲ್ಲ. ಅಂದಿನಿಂದ ಅಮ್ಮ ಅದರ ಮೇಲೆ ಅನ್ನದ ಪಾತ್ರೆ ಇಡತೊಡಗಿದಳು.

ಆ ಚಿತ್ರವನ್ನು ಚಿಕ್ಕಪ್ಪ ಫೋನಿನಲ್ಲಿ ತೆಗೆದುಕೊಂಡ. ಯಂತ್ರಗಳನ್ನು ಅಂಗಡಿಗಳಿಗೆ ಮಾರಿಸುವುದು ಅವನ ಪಾಲಿನ ಕೆಲಸ, ಆ ವರ್ಷ ಮಾರಾಟ ಮಂಕಾಗಿತ್ತು. ಪೇಟೆಯ ಅಂಗಡಿಯವನು ಚಿತ್ರ ನೋಡಿದವನೇ ಹನ್ನೆರಡು ಬೇಕೆಂದನಂತೆ. ಹೀಗೆಯೇ ಇರಬೇಕು, ಇಷ್ಟೇ ಚಿಕ್ಕದಾಗಿ, ಟೋಪಿಯಿಲ್ಲದೆ. ಚಿತ್ರವನ್ನು ಕರಪತ್ರ ಮಾಡಿಸಿ ಹಂಚುತ್ತೇನೆಂದೂ ಹೇಳಿದನಂತೆ. ಇದನ್ನು ಚಿಕ್ಕಪ್ಪ ಊಟದ ಹೊತ್ತಿನಲ್ಲಿ ಹೇಳಿದ್ದು. ಅಜ್ಜನ ತುತ್ತು ತಟ್ಟೆಯ ಮೇಲೆಯೇ ನಿಂತಿತು.

"ಟೋಪಿ ಇಲ್ಲದೆ ನನ್ನ ಅಂಗಳದಿಂದ ಒಂದೂ ಹೊರಗೆ ಹೋಗಲ್ಲ."

"ಜನಕ್ಕೆ ಬೇಡದ್ದನ್ನ ಎಷ್ಟು ದಿನ ತಲೆಗೆ ಕಟ್ತೀಯ ಅಪ್ಪ?" ಎಂದ ಚಿಕ್ಕಪ್ಪ. "ನಿನ್ನ ಕೈ ಹೋಗಿ ಐವತ್ತು ವರ್ಷ ಆಯ್ತು. ಆಗಿನ ಜನ ಬೇರೆ. ಈಗ ಎಲ್ಲರಿಗೂ ಬುದ್ಧಿ ಇದೆ."

"ಬುದ್ಧಿ ನನಗೂ ಇತ್ತಪ್ಪ. ಬೆರಳು ಹೋದಾಗ ಬುದ್ಧಿ ಇಲ್ಲೇ ಇತ್ತು," ಎಂದು ಅಜ್ಜ ಹಣೆ ತಟ್ಟಿಕೊಂಡ.

ಅಮ್ಮ ನಗು ತಡೆಯಲಾರದೆ ಒಲೆಯ ಕಡೆ ತಿರುಗಿದಳು. ಅಪ್ಪ ಯಾರ ಪರವಾಗಿಯೂ ಮಾತಾಡಲಿಲ್ಲ. ಆದರೆ ಮಸಿ ಬಸ್ಸಿಗೆ ಹೊರಟಾಗ, ಆ ಹಾಳೆಯ ನಕಲು ಒಂದು ಇಟ್ಟು ಹೋಗು ಎಂದ.

ಮುಂದಿನ ಶನಿವಾರ ಅವಳು ಬಂದಾಗ ಅಂಗಳದಲ್ಲಿ ಯಂತ್ರ ನಿಂತಿತ್ತು. ಬೂದು ಬಣ್ಣ, ತೆಳುವಾದ ಕಾಲು, ಬೋಳು ಚಕ್ರ, ಬಿಸಿಲಿಗೆ ಮಿಂಚುವ ಅಲಗು. ಅವಳ ಕಾಗದವೇ ಎದ್ದು ಬಂದು ನಿಂತಂತಿತ್ತು. ಅಪ್ಪ ಒಂದು ಕಡ್ಡಿ ಹಿಡಿದು ಬಂದ. ಮುಖದಲ್ಲಿ ಅವಳು ಎಂದೂ ಕಾಣದ ಉತ್ಸಾಹ. ಯಾರನ್ನೂ ಕೇಳದೆ ಮಾಡಿದೆ ಎಂದು ವಿವರಿಸಿದ. ಚಿತ್ರದ ಕೈಯಷ್ಟು ಉದ್ದಕ್ಕೆ ಕಡ್ಡಿ ಮುರಿದುಕೊಂಡು ಚಿತ್ರದ ಮೇಲೆಲ್ಲ ಇಟ್ಟು ನೋಡಿದ್ದ. ದೋಣಿ ಎರಡೂವರೆ ಕೈ, ಚಕ್ರ ಮೂರು ಕೈ, ಕಾಲು ನಾಲ್ಕು. ಆಮೇಲೆ ಅಮ್ಮನನ್ನು ಕರೆದು ಅವಳ ನಿಜವಾದ ಕೈಯನ್ನು ಟೇಪಿನಲ್ಲಿ ಅಳೆದಿದ್ದ. ಮಿಕ್ಕಿದ್ದು ಬರೀ ಗುಣಾಕಾರ.

"ಅಳತೆಗೆ ಕೈ ಅಂತ ನೀನೇ ಹೇಳಿದ್ದೆಯಲ್ಲ. ಅದೊಂದು ಮಾತಿನ ಮೇಲೆ ಇಡೀ ಯಂತ್ರ ಎಬ್ಬಿಸಿದೆ. ನೋಡು, ಸರಿ ಇದೆಯಾ?"

ಮಸಿ ದೋಣಿಯ ತುದಿಯಲ್ಲಿ ನಿಂತಳು. ಹಳೆಯ ಯಂತ್ರದಲ್ಲಿ ಅಲಗು ಎಲ್ಲೋ ದೂರದ ಸದ್ದಾಗಿರುತ್ತಿತ್ತು. ಇಲ್ಲಿ ಅದು ಎದೆಯ ಹತ್ತಿರ ಇತ್ತು. ದೋಣಿ ಒಂದು ಮೊಳವೂ ಇರಲಿಲ್ಲ. ಕೈಯನ್ನು ಅರ್ಧದಷ್ಟು ಹಿಗ್ಗಿಸಿದ್ದು ತಾನು, ಆದ್ದರಿಂದ ಯಂತ್ರವೆಲ್ಲ ಅಷ್ಟಕ್ಕಷ್ಟು ಕುಗ್ಗಿದೆ ಎಂಬುದು ಅವಳಿಗೆ ಒಂದೇ ನೋಟಕ್ಕೆ ಹೊಳೆಯಿತು. ಅಪ್ಪ ಕಡ್ಡಿಯನ್ನು ಜೇಬಿಗೆ ಸಿಕ್ಕಿಸಿಕೊಂಡು ಕಾಯುತ್ತಿದ್ದ. ಹೊಸಿಲಲ್ಲಿ ಚಿಕ್ಕಪ್ಪ, ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ.

"ಸರಿ ಇದೆ ಅಪ್ಪ," ಎಂದಳು.

ಆ ಮಾತಿಗೆ ಅಪ್ಪ ಅವಳ ತಲೆ ಸವರಿದ. ಕೈಯಲ್ಲಿ ಗ್ರೀಸಿತ್ತು.

ಅಜ್ಜ ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು ಯಂತ್ರದ ಸುತ್ತ ಒಂದು ಸುತ್ತು ಬಂದ. ಮೊಳಕೈಯನ್ನು ದೋಣಿಯ ತುದಿಗೆ ಊರಿ ಮೂರು ಬೆರಳನ್ನು ಚಾಚಿದ. ಬೆರಳ ತುದಿ ಅಲಗಿಗೆ ತಾಗಿತು. ಅವನು ಒಳಗೆ ಹೋಗಿ, ಚುಕ್ಕೆ ಹೊಡೆಯುವ ಉಳಿಯನ್ನು ತನ್ನ ಹಾಸಿಗೆಯಡಿ ಇಟ್ಟುಕೊಂಡ. ಚುಕ್ಕೆ ಬೇಡ, ಬಿಡಿ ಎಂದ ಚಿಕ್ಕಪ್ಪ. ಈಗ ಚಿತ್ರವೇ ನಮ್ಮ ಗುರುತು.

ನಾಲ್ಕು ವಾರಗಳಲ್ಲಿ ಹನ್ನೆರಡೂ ತಯಾರಾಗಿ ಟೆಂಪೋ ಹತ್ತಿದವು. ಮಾದರಿಗೆಂದು ಮಾಡಿದ ಮೊದಲನೆಯದು ಮನೆಯ ಕೊಟ್ಟಿಗೆಗೇ ಬಂತು. ಅಜ್ಜ ಮೇಜಿನ ಊಟ ಬಿಟ್ಟ. ತಟ್ಟೆ ಹಿಡಿದುಕೊಂಡು ಕೊಟ್ಟಿಗೆಯ ಎದುರಿನ ಕಲ್ಲಿನ ಮೇಲೆ ಕೂರುತ್ತಿದ್ದ, ಅಮ್ಮ ಹುಲ್ಲು ಹಾಕುವ ಹೊತ್ತಿಗೆ ಸರಿಯಾಗಿ. ಮೋಟಾರು ಶುರುವಾದರೆ ಅವನ ಅಗಿತ ನಿಲ್ಲುತ್ತಿತ್ತು, ಮೋಟಾರು ನಿಂತರೆ ಮತ್ತೆ ಅಗಿಯುತ್ತಿದ್ದ. ಮಾವ ಹೀಗೆ ದಿಟ್ಟಿಸುತ್ತ ಕೂತರೆ ಕೈಯೇ ಆಡುವುದಿಲ್ಲ ಎಂದು ಅಮ್ಮ ಅಪ್ಪನ ಹತ್ತಿರ ದೂರಿದಳು. ಅಪ್ಪ, ವಯಸ್ಸಾಯಿತು ಬಿಡು ಎಂದ.

ಕಾಲೇಜಿನ ಪ್ರದರ್ಶನದಲ್ಲಿ ಮಸಿಯ ಹಾಳೆಗೆ ಮೊದಲ ಬಹುಮಾನ ಬಂತು. ಉಂಗುರದ ಮೇಲಿನ ಬಿಳಿ ಚುಕ್ಕೆಯನ್ನು ಮೇಡಂ ಎಲ್ಲರಿಗೂ ಬೆರಳಿಟ್ಟು ತೋರಿಸಿದರು. ಈ ಒಂದು ಚುಕ್ಕೆಯಿಂದ ಕೈಗೆ ಜೀವ ಬಂದಿದೆ ಎಂದರು. ಮಸಿ ತಲೆಯಾಡಿಸಿದಳು. ಮುಂದಿನ ಪಾಠಕ್ಕೆ ಕುರ್ಚಿ ಬರೆಯಬೇಕಿತ್ತು. ಕುರ್ಚಿ ಬರೆದಳು, ಪಕ್ಕದಲ್ಲಿ ಅಳತೆಗೆ ಯಾರನ್ನೂ ನಿಲ್ಲಿಸಲಿಲ್ಲ.

ಆ ಶನಿವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳಿಗೆ ಅಮ್ಮ ಕೊಟ್ಟಿಗೆ ಕೆಲಸಕ್ಕೆ ತೊಡುವ ತುಂಬುತೋಳಿನ ಅಂಗಿ ಸಿಕ್ಕಿತು. ಬಲತೋಳಿನ ಅಂಚಿನಲ್ಲಿ ಎರಡು ಬೆರಳಗಲ ಬಟ್ಟೆಯಿರಲಿಲ್ಲ. ಹರಿದದ್ದಲ್ಲ. ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿತ್ತು.

"ಇದೇನಮ್ಮ?"

ಅಮ್ಮ ಅದನ್ನು ಕಿತ್ತುಕೊಂಡು ನೀರಿಗೆ ಅದ್ದಿದಳು. "ತೋಳು ಸಡಿಲ ಇತ್ತು. ಅಜ್ಜನಿಗೆ ಹೇಳ್ಬೇಡ, ಮತ್ತೆ ರಾಮಾಯಣ ಶುರು ಮಾಡ್ತಾರೆ."

"ಯಾವತ್ತು?"

"ಗುರುವಾರ. ಒಂದು ಹಿಡಿ ಹುಲ್ಲು ಉಳಿದಿತ್ತು, ಕೈಯಲ್ಲೇ ತಳ್ಳಿದೆ. ಮೊದಲೂ ತಳ್ತಿದ್ನಲ್ಲ. ಟೋಪಿ ತಡೀತಿತ್ತು. ಅಭ್ಯಾಸ." ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತ ಹೇಳಿದಳು. "ಗಾಳಿ ತಾಗಿತು ಕಣೇ ಬೆರಳಿಗೆ. ತಣ್ಣಗೆ."

ಮಸಿ ಅಲ್ಲಿಂದ ನೇರ ವರ್ಕ್‌ಶಾಪಿಗೆ ನಡೆದಳು. ಅಪ್ಪ ವೆಲ್ಡಿಂಗ್ ಮಾಡುತ್ತಿದ್ದ. ಕಿಡಿ ನಿಲ್ಲುವವರೆಗೆ ಕಾದಳು.

"ಅಪ್ಪ, ಆ ಕೈ ಸುಳ್ಳು."

"ಯಾವ ಕೈ?"

"ಚಿತ್ರದ್ದು. ಚೆಂದ ಕಾಣ್ಲಿ ಅಂತ ನಾನೇ ದೊಡ್ಡದು ಮಾಡಿದ್ದು. ದೋಣಿ ನಾಲ್ಕು ಕೈ ಇರಬೇಕಿತ್ತು."

ಅಪ್ಪ ಕನ್ನಡಕ ತೆಗೆದ. "ಅಳತೆಗೆ ಅಂದಿದ್ದೆ."

"ಅಂದಿದ್ದೆ."

"ಮಾಡಿದ ಮೇಲೆ ಕೇಳಿದ್ನಲ್ಲ. ಸರಿ ಇದೆಯಾ ಅಂತ ನಿನ್ನ ಮುಂದೆ ನಿಂತು ಕೇಳಿದ್ನಲ್ಲ."

"ಕೇಳಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಜೇಬಿನಿಂದ ಆ ಕಡ್ಡಿ ತೆಗೆದ. ಇಷ್ಟು ದಿನವೂ ಅಲ್ಲೇ ಇತ್ತು. ಅದನ್ನು ಎರಡಾಗಿ ಮುರಿದು ನೆಲಕ್ಕೆ ಹಾಕಿದ, ಆಮೇಲೆ ಕೊಟ್ಟಿಗೆಗೆ ಹೋಗಿ ಮೋಟಾರಿನ ತಂತಿ ಕಿತ್ತು ಬಂದ.

ಅಂದು ಊಟದ ಹೊತ್ತಿಗೆ ಅಣ್ಣತಮ್ಮಂದಿರು ಮೊದಲ ಬಾರಿಗೆ ಏಕವಚನದ ಜೊತೆ ಬೇರೆ ಮಾತುಗಳನ್ನೂ ಆಡಿಕೊಂಡರು. ಮಾರಿದ್ದನ್ನು ವಾಪಸು ಕೇಳಿದರೆ ಅಂಗಡಿಯವನು ಇನ್ನು ಬಾಗಿಲಿಗೆ ಸೇರಿಸುವುದಿಲ್ಲ ಎಂದು ಚಿಕ್ಕಪ್ಪ. ವಾಪಸು ಬೇಡ, ಹೋದಲ್ಲಿಗೇ ಹೋಗಿ ದೋಣಿ ಬೆಸೆದು ಟೋಪಿ ಹಾಕಿ ಬರೋಣ ಎಂದು ಅಪ್ಪ. ಯಾಕೆ ಎಂದು ಕೇಳಿದರೆ ಏನು ಹೇಳುವುದು? ತಪ್ಪಾಗಿದೆ ಎಂದು ಹೇಳುವುದು. ಚಿಕ್ಕಪ್ಪ ಮಸಿಯ ಕಡೆ ತಿರುಗಿ, ಆ ಡಬ್ಬಿ ಕೊಡಿಸಿದ ನನ್ನ ಕೈಗೆ ಕೊಳ್ಳಿ ಇಡಬೇಕು ಎಂದ. ಅಜ್ಜ ತಟ್ಟೆ ಹಿಡಿದು ಒಳಗೆ ಬಂದು, ಎಷ್ಟೋ ದಿನದ ಮೇಲೆ ಮೇಜಿನ ಮುಂದೆ ಕೂತ. ಅನ್ನದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದ. ಕಲೆಯ ಕೈ ಬಯಲಾಯಿತು.

"ಯಾರ ಕೈಗೂ ಏನೂ ಇಡಬೇಡ. ಎಲ್ಲಿಗೆಲ್ಲ ಹೋಗಿದಾವೆ, ಹೇಳು," ಎಂದ.

ಹತ್ತು ದಿನ ಕುಲುಮೆ ಉರಿಯಿತು. ಅಜ್ಜ ಕೂತು ಹೇಳಿಕೊಟ್ಟ, ಅಪ್ಪ ಬಡಿದ, ಹದಿಮೂರು ಟೋಪಿಗಳಾದವು. ರಜೆ ಶುರುವಾಗಿದ್ದರಿಂದ ಮಸಿಯೂ ಟೆಂಪೋದಲ್ಲಿ ಜೊತೆಗೆ ಹೋದಳು. ಒಂದು ಮನೆಯಲ್ಲಿ ಕಾಫಿ ಕೊಟ್ಟರು, ಒಂದು ಮನೆಯಲ್ಲಿ ನಾಯಿ ಬಿಟ್ಟರು. ಅಂದ ಕೆಟ್ಟಿತು ಎಂದು ಬೈದವರೇ ಹೆಚ್ಚು. ಪ್ರತಿ ಮನೆಯಲ್ಲೂ ಮಸಿ ಮೊದಲು ನೋಡುತ್ತಿದ್ದುದು ಹೆಂಗಸರ ಕೈ. ಹತ್ತು ಬೆರಳು ಎಣಿಸಿದ ಮೇಲೆಯೇ ಮುಖ ನೋಡುತ್ತಿದ್ದಳು. ಕೆಲಸ ಮುಗಿದ ಯಂತ್ರಕ್ಕೆಲ್ಲ ಅಜ್ಜ ಕೊಟ್ಟ ಉಳಿಯಿಂದ ಅಪ್ಪ ಮೂರು ಚುಕ್ಕೆ ಹೊಡೆದ.

ಹನ್ನೊಂದು ಸಿಕ್ಕಿದವು. ಹನ್ನೆರಡನೆಯದನ್ನು ಸಂತೆಯ ದಿನ ಯಾರೋ ಗಾಡಿಗೆ ಹಾಕಿಕೊಂಡು ಹೋಗಿದ್ದರು. ಹೆಸರು ಬರೆದುಕೊಂಡಿಲ್ಲ ಎಂದ ಅಂಗಡಿಯವನು. ಕೊಟ್ಟಿಗೆಯ ಯಂತ್ರಕ್ಕೂ ಟೋಪಿ ಬಂತು. ಉಳಿದ ಒಂದು ಟೋಪಿ ವರ್ಕ್‌ಶಾಪಿನ ಬಾಗಿಲ ಬಳಿ ಕೂತಿತು. ಓಡಾಡುವವರೆಲ್ಲ ಅದನ್ನು ದಾಟಿಕೊಂಡು ಓಡಾಡಿದರು, ಯಾರೂ ಪಕ್ಕಕ್ಕೆ ಸರಿಸಲಿಲ್ಲ. ಅಜ್ಜ ದಿನವೂ ಊಟಕ್ಕೆ ಕೂತಾಗ, "ಹನ್ನೆರಡನೆಯದು?" ಎನ್ನುತ್ತಿದ್ದ. ಇಲ್ಲ ಎಂದು ಅಪ್ಪ ಹೇಳುತ್ತಿದ್ದ. ಆಮೇಲೆ ಅಮ್ಮ ಬಡಿಸುತ್ತಿದ್ದಳು.

ರಜೆಯ ಕೊನೆಯ ವಾರ, ಹಗಲು ಹನ್ನೊಂದರ ಹೊತ್ತಿಗೆ, ಗೋಣಿಯಲ್ಲಿ ಸುತ್ತಿದ ಏನನ್ನೋ ಕಂಕುಳಲ್ಲಿ ಹಿಡಿದು ಒಬ್ಬ ಗಂಡಸು ಬಂದ. ಬಿಸಿಲಲ್ಲಿ ನಡೆದು ಬಂದಿದ್ದ. ಮಸಿ ವರ್ಕ್‌ಶಾಪಿನ ಬಾಗಿಲಲ್ಲಿ ಕೂತು ಒಣಗಿದ ಮಾರ್ಕರ್‌ಗಳನ್ನು ಬೇರೆ ಮಾಡುತ್ತಿದ್ದಳು. ಮೇವಿನ ಯಂತ್ರ ಮಾಡುವವರು ನೀವೇ ತಾನೆ ಎಂದು ಕೇಳಿ, ಅವನು ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದ. ಅಂಗಡಿಯವನು ಹಂಚಿದ ಕರಪತ್ರ. ಅವಳ ಚಿತ್ರ.

"ಯಂತ್ರದ ಮೇಲೆ ಗುರುತು ಏನೂ ಇರ್ಲಿಲ್ಲ. ಇದರಲ್ಲಿ ವಿಳಾಸ ಇತ್ತು, ಅದಕ್ಕೆ ಬಂದೆ," ಎಂದ.

ಗೋಣಿ ಬಿಚ್ಚಿ ಅಲಗನ್ನು ಅಜ್ಜನ ಮುಂದೆ ಇಟ್ಟ. ಮುಕ್ಕಾಗಿದೆ, ಹುಲ್ಲು ಕಚ್ಚಿ ನಿಲ್ಲುತ್ತದೆ, ಮಸೆದು ಕೊಡಿ ಎಂದ. ಅಪ್ಪ ಕೆಲಸ ನಿಲ್ಲಿಸಿ ಬಂದ. ಅಜ್ಜ ಅಂಚಿನ ಮೇಲೆ ಹೆಬ್ಬೆರಳು ಹಾಯಿಸಿದ. ನಡುವಿನಲ್ಲಿ ಬೆರಳು ನಿಂತಿತು.

"ಕಲ್ಲು ಸಿಕ್ಕಿತ್ತಾ?"

"ಅಲ್ಲ."

"ಮೊಳೆ?"

ಅವನು ಕುತ್ತಿಗೆಯ ಬೆವರು ಒರೆಸಿಕೊಂಡ. "ಉಂಗುರ," ಎಂದ.

ಅವನಿಗೆ ಜಗಳ ಬೇಕಿರಲಿಲ್ಲ. ತಪ್ಪು ತಮ್ಮದೇ ಎಂಬಂತೆ ಮಾತಾಡಿದ. ಕರಪತ್ರವನ್ನು ಮೊಣಕಾಲ ಮೇಲೆ ಬಿಡಿಸಿ ಕೈಯ ಚಿತ್ರದ ಮೇಲೆ ಬೆರಳಿಟ್ಟ.

"ಅಷ್ಟು ಮುಂದೆ ಕೈ ಹಾಕ್ಬೇಡ ಅಂತ ಹೆಂಡ್ತಿಗೆ ನಾನು ಹೇಳ್ತಾನೇ ಇದ್ದೆ. ಚಿತ್ರದಲ್ಲಿ ಹಾಕಿದಾರಲ್ಲ, ಮಾಡಿದವರಿಗೆ ಗೊತ್ತಿರಲ್ವಾ ಅಂತ ಅವಳು."

ಅಜ್ಜ ಅಲಗನ್ನು ಎತ್ತಿಕೊಂಡು ಸಾಣೆಯ ಹತ್ತಿರ ಹೋದ. ಕಲ್ಲು ತಿರುಗುವಷ್ಟು ಹೊತ್ತೂ ಆ ಮನುಷ್ಯ ನೀರು ಬೇಡ, ದನಗಳು ಬೆಳಗಿನಿಂದ ಕೂಗುತ್ತಿವೆ ಎಂದಷ್ಟೇ ಹೇಳಿದ. ಅಪ್ಪ ವೆಲ್ಡಿಂಗ್ ಸಾಮಾನುಗಳನ್ನೂ ದೋಣಿಗೆ ಬೆಸೆಯುವ ತಗಡನ್ನೂ ಟೆಂಪೋಗೆ ಹಾಕಿ, ಬಾಗಿಲ ಬಳಿಯ ಟೋಪಿ ಎತ್ತಿಕೊಳ್ಳಲು ಬಂದ. ಅದು ಆಗಲೇ ಮಸಿಯ ತೊಡೆಯ ಮೇಲಿತ್ತು.

"ನಾನು ಹೋಗಿ ಏನ್ ಮಾಡ್ಲಿ ಅಜ್ಜ ಅಲ್ಲಿ?" ಎಂದಳು. ಸ್ವರ ಹೊರಟಿದ್ದು ಅವಳಿಗೇ ಕೇಳಲಿಲ್ಲ.

ಅಜ್ಜನಿಗೆ ಕೇಳಿತು. ಮಸೆದ ಅಲಗನ್ನು ಗೋಣಿಯಲ್ಲಿ ಸುತ್ತುತ್ತ, ತಲೆಯೆತ್ತದೆ ಹೇಳಿದ.

"ಕೈ ನೋಡ್ಕೊಂಡು ಬಾ. ಎಷ್ಟಿದೆ ಅಂತ."